ಅಗ್ನಿವೀರನಾಗಿ ಹೋಗಿ ಫೋಟೋಗ್ರಾಫರ್ ಆಗಿ ಬರುವುದು ಹೇಗೆ: ಹಾಸನ, ಚಿಕ್ಕಮಗಳೂರಿನ ಹುಡುಗರಿಗೆ

ಸೇನೆಗೆ ಸೇರಿದರೆ ಕೈಗೆ ಕ್ಯಾಮೆರಾ ಕೊಟ್ಟು ಕಲಿಸುತ್ತಾರೆ ಎಂಬ ನಂಬಿಕೆ ಇದ್ದರೆ ಮೊದಲು ಅದನ್ನು ಬಿಡಿ. ಭೂಸೇನೆಯ ಅಗ್ನಿವೀರ್ ಅರ್ಜಿಯಲ್ಲಿ ಜನರಲ್ ಡ್ಯೂಟಿ, ಟೆಕ್ನಿಕಲ್, ಕ್ಲರ್ಕ್, ಟ್ರೇಡ್ಸ್‌ಮನ್ ಇರುತ್ತವೆ, ಫೋಟೋಗ್ರಾಫರ್ ಎಂಬ ಆಯ್ಕೆ ಇರುವುದಿಲ್ಲ. ವಾಯುಪಡೆ, ನೌಕಾಪಡೆಯಲ್ಲೂ ಟ್ರೇಡ್ (ಕೆಲಸದ ವಿಭಾಗ) ಹಂಚುವವರು ಆ ಪಡೆಯವರೇ. ಸೇನೆಯಿಂದ ಸಿಗುವುದು ನಾಲ್ಕು ವರ್ಷದ ಸಂಬಳ, ಕೊನೆಯಲ್ಲೊಂದು ಇಡುಗಂಟು, ಹೇಳಿದ ಹೊತ್ತಿಗೆ ಕೆಲಸ ಮುಗಿಸುವ ಅಭ್ಯಾಸ. ಕಸುಬನ್ನು ಅದರ ಪಕ್ಕದಲ್ಲೇ ನೀವು ಕಟ್ಟಿಕೊಳ್ಳಬೇಕು.

ರೈಫಲ್ ಬೇಡ, ಕ್ಯಾಮೆರಾ ಮಾತ್ರ ಸಾಕು ಅನ್ನುವವರಿಗೆ ಬೇರೆ ದಾರಿ ಇದೆ. ಎಸ್ಸೆಸ್ಸೆಲ್ಸಿ ಮುಗಿಸಿ ಐಟಿಐನಲ್ಲಿ ಫೋಟೋಗ್ರಫಿ ಟ್ರೇಡ್ ಮಾಡಿಕೊಂಡರೆ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ಟೆಕ್ನಿಷಿಯನ್-ಎ ನೇಮಕಾತಿಗೆ ಕಣ್ಣಿಡಬಹುದು. ಅದರ ಟ್ರೇಡ್ ಪಟ್ಟಿಯಲ್ಲಿ ಫೋಟೋಗ್ರಾಫರ್ ಬಂದದ್ದುಂಟು. ಹುದ್ದೆಗಳು ಬೆರಳೆಣಿಕೆಯಷ್ಟೇ, ಆದರೆ ಅಲ್ಲಿ ಓಟದ ಪರೀಕ್ಷೆ ಇಲ್ಲ.

ಸೇರುವಾಗ

ಹಾಸನ ಜಿಲ್ಲೆಯವರು ಬೆಂಗಳೂರು ಸೇನಾ ನೇಮಕಾತಿ ಕಚೇರಿಯ ವ್ಯಾಪ್ತಿಗೆ ಬರುತ್ತಾರೆ, ಚಿಕ್ಕಮಗಳೂರಿನವರು ಮಂಗಳೂರು ಕಚೇರಿಯ ವ್ಯಾಪ್ತಿಗೆ. ಬೇಲೂರಿನ ಹುಡುಗ ಮತ್ತು ಮೂಡಿಗೆರೆಯ ಹುಡುಗ ಒಂದೇ ಬಸ್ಸಿನಲ್ಲಿ ಕಾಲೇಜಿಗೆ ಹೋಗುವವರಾದರೂ ಅವರ ರ‍್ಯಾಲಿ ಬೇರೆ ಬೇರೆ. ಮೊದಲು ಆನ್‌ಲೈನ್ ಲಿಖಿತ ಪರೀಕ್ಷೆ, ಆಮೇಲೆ ರ‍್ಯಾಲಿ. 1.6 ಕಿ.ಮೀ. ಓಟವನ್ನು 5 ನಿಮಿಷ 30 ಸೆಕೆಂಡಿನೊಳಗೆ ಮುಗಿಸಿದರೆ ಪೂರ್ತಿ 60 ಅಂಕ, 10 ಪುಲ್‌ಅಪ್‌ಗೆ 40 ಅಂಕ. ಜನರಲ್ ಡ್ಯೂಟಿಗೆ ಎಸ್ಸೆಸ್ಸೆಲ್ಸಿಯಲ್ಲಿ ಒಟ್ಟು ಶೇ. 45, ಪ್ರತಿ ವಿಷಯದಲ್ಲಿ ಶೇ. 33 ಬೇಕು. ವಯಸ್ಸಿನ ಮೇಲ್ಮಿತಿಯನ್ನು ಆಯಾ ವರ್ಷದ ಅಧಿಸೂಚನೆಯಲ್ಲೇ ನೋಡಿ.

ದುಡ್ಡಿನ ಲೆಕ್ಕ ಮೊದಲೇ ತಿಳಿದಿರಲಿ. ತಿಂಗಳ ಪ್ಯಾಕೇಜ್ ಮೊದಲ ವರ್ಷ 30,000, ಆಮೇಲೆ 33,000, 36,500, 40,000 ರೂಪಾಯಿ. ಅದರಲ್ಲಿ ಶೇ. 30 ಸೇವಾ ನಿಧಿಗೆ (ಕೊನೆಯಲ್ಲಿ ಇಡುಗಂಟಾಗಿ ಸಿಗುವ ಹಣ) ಕಡಿತವಾಗುತ್ತದೆ, ಹಾಗಾಗಿ ಮೊದಲ ವರ್ಷ ಕೈಗೆ ಬರುವುದು 21,000. ನಾಲ್ಕು ವರ್ಷಕ್ಕೆ ನಿಮ್ಮ ಪಾಲು ಸುಮಾರು 5.02 ಲಕ್ಷ, ಸರ್ಕಾರದ್ದೂ ಅಷ್ಟೇ. ಬಡ್ಡಿ ಬಿಟ್ಟು 10.04 ಲಕ್ಷ, ಆದಾಯ ತೆರಿಗೆ ಇಲ್ಲ. ಸೇನೆಯಲ್ಲಿ ಮುಂದುವರಿಸಿಕೊಳ್ಳುವುದು ಶೇ. 25ರವರೆಗೆ ಮಾತ್ರ. ಉಳಿದವರಿಗೆ ಪಿಂಚಣಿ, ಸೇನಾ ಕ್ಯಾಂಟೀನ್ ಸೌಲಭ್ಯ, ಮಾಜಿ ಸೈನಿಕರ ಸ್ಥಾನಮಾನ ಇಲ್ಲ ಎಂದು ಯೋಜನೆಯ ಷರತ್ತೇ ಹೇಳುತ್ತದೆ. ಮಾವ ಹವಾಲ್ದಾರ್ ಆಗಿ ನಿವೃತ್ತರಾದಾಗ ಸಿಕ್ಕ ಸೌಲಭ್ಯ ನನಗೂ ಸಿಗುತ್ತದೆ ಎಂದುಕೊಂಡು ಲೆಕ್ಕ ಹಾಕುವವರು ಎಡವುವುದು ಇಲ್ಲೇ.

ಯೂನಿಟ್‌ನಲ್ಲಿ ಕ್ಯಾಮೆರಾ ಹಿಡಿಯುವುದು

ತರಬೇತಿಯ ತಿಂಗಳುಗಳಲ್ಲಿ ಕ್ಯಾಮೆರಾದ ಮಾತೇ ಎತ್ತಬೇಡಿ. ಯೂನಿಟ್ ಸೇರಿದ ಮೇಲೆ ರೈಸಿಂಗ್ ಡೇ (ಯೂನಿಟ್ ಸ್ಥಾಪನಾ ದಿನ), ಬಡಾಖಾನಾ (ಎಲ್ಲರೂ ಸೇರಿ ಉಣ್ಣುವ ಔತಣ), ಕ್ರೀಡಾಕೂಟ, ಬೀಳ್ಕೊಡುಗೆ ಹೀಗೆ ಫೋಟೋ ಬೇಕಾಗುವ ಸಂದರ್ಭಗಳು ಬರುತ್ತಲೇ ಇರುತ್ತವೆ. ನಿಮ್ಮ ಜೆಸಿಒಗೆ (ಸುಬೇದಾರ್ ಮಟ್ಟದ ಕಿರಿಯ ಅಧಿಕಾರಿ) ವಿಷಯ ತಿಳಿಸಿ, ಅವರ ಮೂಲಕವೇ ಮೇಲಕ್ಕೆ ಹೋಗಲಿ. ಅನುಮತಿ ಇಲ್ಲದೆ ಸ್ವಂತ ಕ್ಯಾಮೆರಾ ತೆಗೆದುಕೊಂಡು ಹೋಗಬೇಡಿ. ಗೇಟು, ವಾಹನ, ಆಯುಧ, ಆ್ಯಂಟೆನಾ ಹಿನ್ನೆಲೆಯಲ್ಲಿ ಬಂದರೂ ಸಾಕು, 1923ರ ಅಧಿಕೃತ ರಹಸ್ಯಗಳ ಕಾಯ್ದೆಯ ಪ್ರಶ್ನೆ ಏಳಬಹುದು. 2020ರ ಜುಲೈನಲ್ಲಿ ಸೇನೆ ಫೇಸ್‌ಬುಕ್, ಇನ್‌ಸ್ಟಾಗ್ರಾಂ ಸೇರಿ 89 ಆ್ಯಪ್‌ಗಳನ್ನು ಅಳಿಸಿಹಾಕಲು ಹೇಳಿತ್ತು. ಈ ನಿಯಮಗಳು ಬದಲಾಗುತ್ತಿರುತ್ತವೆ, ನಿಮ್ಮ ಯೂನಿಟ್‌ನ ಚಾಲ್ತಿ ಆದೇಶವೇ ಕೊನೆಯ ಮಾತು. ಕ್ಯಾಮೆರಾ, ಫೋನ್ ಎರಡರಲ್ಲೂ ಲೊಕೇಶನ್ ಆಫ್ ಇರಲಿ.

ಪರೇಡ್ ತೆಗೆಯುವಾಗ ಶಟರ್ 1/500ಕ್ಕಿಂತ ನಿಧಾನ ಬೇಡ, ಇಲ್ಲದಿದ್ದರೆ ಕೈ ಕಾಲುಗಳು ಮಸುಕಾಗುತ್ತವೆ. ‘ದಾಹಿನೇ ದೇಖ್’ ಆದೇಶಕ್ಕೆ ಮುಖಗಳೆಲ್ಲ ಬಲಕ್ಕೆ, ಸಲಾಮಿ ಮಂಚದ ಕಡೆಗೆ ತಿರುಗುತ್ತವೆ. ನೀವು ಎದುರು ಬದಿಯಲ್ಲಿ ನಿಂತಿದ್ದರೆ ಸಿಗುವುದು ಬೆನ್ನು ಮತ್ತು ಕಿವಿ. ಮಂಚದ ಬದಿಯಲ್ಲೇ, ತಂಡ ಬರುವ ದಿಕ್ಕಿಗೆ ಸ್ವಲ್ಪ ಮುಂದೆ ಜಾಗ ಹಿಡಿಯಿರಿ, ಯಾರ ದಾರಿಗೂ ಅಡ್ಡ ಆಗದಂತೆ.

ಗ್ರೂಪ್ ಫೋಟೋ ಸುಲಭ ಅನ್ನಿಸುತ್ತದೆ, ಅಲ್ಲೇ ಹೆಚ್ಚು ಜನ ಕೆಡಿಸುವುದು. ಅರವತ್ತು ಜನರಿದ್ದರೆ ನಾಲ್ಕು ಸಾಲು: ನೆಲದ ಮೇಲೆ, ಕುರ್ಚಿಯಲ್ಲಿ, ನಿಂತು, ಬೆಂಚಿನ ಮೇಲೆ. ಎಫ್/8, 1/250, ಐಎಸ್‌ಒ 200ರಿಂದ 400, ಲೆನ್ಸ್ 35 ಅಥವಾ 50 ಎಂಎಂ. ಇನ್ನೂ ಅಗಲದ ಲೆನ್ಸ್ ಹಾಕಿದರೆ ತುದಿಯಲ್ಲಿ ಕೂತವರ ಮುಖ ಎಳೆದಂತೆ ಕಾಣುತ್ತದೆ, ಮತ್ತೆ ತುದಿಯಲ್ಲಿ ಕೂರುವವರು ಆ ಫೋಟೋವನ್ನು ಹತ್ತು ಸಲ ನೋಡುತ್ತಾರೆ. ಫೋಕಸ್ ಎರಡನೇ ಸಾಲಿನ ಕಣ್ಣಿನ ಮೇಲಿರಲಿ. ಯಾರಾದರೊಬ್ಬರು ಕಣ್ಣು ಮುಚ್ಚೇ ಮುಚ್ಚುತ್ತಾರೆ, ಹಾಗಾಗಿ ಕನಿಷ್ಠ ಎಂಟು ಫ್ರೇಮ್ ತೆಗೆಯಿರಿ. ಮಧ್ಯಾಹ್ನದ ಬಿಸಿಲಿನಲ್ಲಿ ಪೀಕ್ ಕ್ಯಾಪಿನ ನೆರಳು ಮೂಗಿನವರೆಗೆ ಇಳಿಯುತ್ತದೆ. ಅದನ್ನು ತುಂಬಲು ಫ್ಲ್ಯಾಶ್ ಬೇಕು, ಆಗ ಶಟರ್ ಕ್ಯಾಮೆರಾದ ಸಿಂಕ್ ಮಿತಿಯೊಳಗೆ (ಫ್ಲ್ಯಾಶ್ ಜೊತೆ ಬಳಸಬಹುದಾದ ಗರಿಷ್ಠ ಶಟರ್ ವೇಗ), ಸಾಮಾನ್ಯವಾಗಿ 1/200ರಲ್ಲಿ ಇಡಿ. ಮಿತಿ ದಾಟಿದರೆ ಚಿತ್ರದ ಒಂದು ಭಾಗ ಕಪ್ಪಾಗುತ್ತದೆ. ಬಡಾಖಾನಾದ ಶಾಮಿಯಾನಾದೊಳಗೆ ಫ್ಲ್ಯಾಶನ್ನು ಮೇಲಕ್ಕೆ ಹೊಡೆದರೆ ಬಟ್ಟೆಯ ಕೆಂಪು ಹಳದಿ ಮುಖದ ಮೇಲೆ ಇಳಿಯುತ್ತದೆ. ಅಲ್ಲಿ ಸಣ್ಣ ಬಿಳಿ ಕಾರ್ಡ್ ಕಟ್ಟಿ ನೇರವಾಗಿಯೇ, ಕಡಿಮೆ ಶಕ್ತಿಯಲ್ಲಿ ಬಳಸಿ.

ಇದೆಲ್ಲ ಕೈ ಪಳಗಲು. ಈ ಚಿತ್ರಗಳು ನಿಮ್ಮ ಪೋರ್ಟ್‌ಫೋಲಿಯೊ (ಗಿರಾಕಿಗೆ ತೋರಿಸುವ ಚಿತ್ರಗಳ ಸಂಗ್ರಹ) ಅಲ್ಲ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 17ನೇ ಕಲಂ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ದರೆ ಸರ್ಕಾರಿ ಕೃತಿಗೆ ಮೊದಲ ಮಾಲೀಕ ಸರ್ಕಾರವೇ. ನಾಲ್ಕು ವರ್ಷ ಯೂನಿಟ್ ಫೋಟೋಗಳನ್ನೇ ನಂಬಿ ಹೊರಬಂದವನ ಕೈಯಲ್ಲಿ ಗಿರಾಕಿಗೆ ತೋರಿಸಲು ಒಂದು ಚಿತ್ರವೂ ಇರುವುದಿಲ್ಲ.

ರಜೆಯ 30 ದಿನ

ಹಾಗಾದರೆ ಪೋರ್ಟ್‌ಫೋಲಿಯೊ ಆಗುವುದು ವರ್ಷಕ್ಕೆ ಸಿಗುವ 30 ದಿನದ ರಜೆಯಲ್ಲಿ, ನಮ್ಮ ಊರಲ್ಲೇ. ಸೇವೆಯಲ್ಲಿರುವಾಗ ಹಣ ಪಡೆದು ಮದುವೆ ತೆಗೆಯುವಂತಿಲ್ಲ. ಊರಿನ ಒಳ್ಳೆಯ ಸ್ಟುಡಿಯೊದವರ ಜೊತೆ ಲೈಟ್ ಹಿಡಿಯಲು ಹೋಗಿ, ಕಲಿಯುವುದೇ ಕೂಲಿ. ಆಷಾಢ, ಧನುರ್ಮಾಸದಲ್ಲಿ ರಜೆ ಹಾಕಿದರೆ ಮದುವೆಗಳೇ ಇರುವುದಿಲ್ಲ. ಮಾಘದಿಂದ ವೈಶಾಖದೊಳಗೆ ಕೇಳಿ. ಅಂತರಪಟ ಸರಿಯುವ ಕ್ಷಣ, ಮಾಂಗಲ್ಯಧಾರಣೆ, ಧಾರೆ ಎರಡನೇ ಸಲ ನಡೆಯುವುದಿಲ್ಲ. ಆ ಹೊತ್ತಿಗೆ ಎಲ್ಲಿ ನಿಂತಿರಬೇಕು ಎಂದು ಪುರೋಹಿತರನ್ನು ಮೊದಲೇ ಕೇಳಿಟ್ಟುಕೊಳ್ಳುವವನೇ ಜಾಣ. ಅಂದಹಾಗೆ, ಮದುವೆ ಮನೆಯ ಅಜ್ಜಂದಿರನ್ನು ‘ಸಾವಧಾನ್’ ಎಂದು ನಿಲ್ಲಿಸಲು ಹೋಗಬೇಡಿ.

ಬೆಳಕು ಕಲಿಯಲು ಬೇಲೂರು, ಹಳೇಬೀಡಿಗಿಂತ ಒಳ್ಳೆಯ ಶಾಲೆ ಬೇಕಿಲ್ಲ. ಪುರಾತತ್ವ ಸರ್ವೇಕ್ಷಣೆಯ ಸ್ಮಾರಕಗಳಲ್ಲಿ ಟ್ರೈಪಾಡ್‌ಗೆ ಮುಂಚಿತ ಅನುಮತಿ ಬೇಕು, ಆದ್ದರಿಂದ ಕೈಯಲ್ಲೇ ಹಿಡಿದು ಅಭ್ಯಾಸ ಮಾಡಿ. ಬೇಲೂರಿನ ಮದನಿಕೆಯರು ಸೂರಿನ ಕೆಳಗೆ ನೆರಳಲ್ಲಿದ್ದಾರೆ, ಹಿಂದೆ ಹೊಳೆಯುವ ಆಕಾಶ. ಕ್ಯಾಮೆರಾದ ಬೆಳಕು ಅಳೆಯುವ ಮೀಟರ್ ಆಕಾಶಕ್ಕೆ ಮರುಳಾಗಿ ಶಿಲ್ಪವನ್ನು ಕಪ್ಪು ಮಾಡುತ್ತದೆ. ಒಂದು ಸಣ್ಣ ಜಾಗದ ಬೆಳಕನ್ನಷ್ಟೇ ಅಳೆಯುವ ಸ್ಪಾಟ್ ಮೀಟರನ್ನು ಕಲ್ಲಿನ ಮೇಲಿಡಿ. ಚೌಕಟ್ಟು ತುಂಬ ಬಳಪದ ಕಲ್ಲೇ ಇದ್ದರೆ ಉಲ್ಟಾ ಆಗಿ ಕಪ್ಪು ಕಲ್ಲು ಬೂದಿ ಬಣ್ಣಕ್ಕೆ ತಿರುಗುತ್ತದೆ, ಆಗ ಎಕ್ಸ್‌ಪೋಶರನ್ನು ಮುಕ್ಕಾಲು ಸ್ಟಾಪ್‌ನಷ್ಟು ಇಳಿಸಿ.

ಹೊರಬಂದ ಮೇಲೆ

ಸೇವಾ ನಿಧಿಯ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಸಲಕರಣೆಗೆ ಸುರಿಯಬೇಡಿ. ಎರಡು ಕಾರ್ಡ್ ಸ್ಲಾಟ್ ಇರುವ ಕ್ಯಾಮೆರಾ ಬಾಡಿ ಒಂದು, ಹಳೆಯದಾದರೂ ಎರಡನೆಯ ಬಾಡಿ, 24–70 ಎಫ್/2.8, ಒಂದು 85 ಎಂಎಂ, ಎರಡು ಫ್ಲ್ಯಾಶ್. ಆರು ತಿಂಗಳ ಮನೆ ಖರ್ಚು ಬ್ಯಾಂಕಿನಲ್ಲಿರಲಿ, ಏಕೆಂದರೆ ಆಷಾಢ ಪ್ರತಿ ವರ್ಷವೂ ಬರುತ್ತದೆ. ಸಣ್ಣ ಉದ್ದಿಮೆಗಳ ಉದ್ಯಮ್ ನೋಂದಣಿಗೆ ಶುಲ್ಕ ಇಲ್ಲ. ಸೇವಾ ವಹಿವಾಟು ವರ್ಷಕ್ಕೆ 20 ಲಕ್ಷ ದಾಟುವವರೆಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಕಿಲ್ಲ. ಡ್ರೋನ್ ಕೊಳ್ಳುವ ಮುನ್ನ, ಎಲ್ಲಿ ಹಾರಿಸಬಹುದು ಎಂದು ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆ ನೋಡಿ. ಹಾಸನದಲ್ಲಿ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ ಎಂಸಿಎಫ್ ಇದೆ, ಅದರ ಸುತ್ತಮುತ್ತ ಹಾರಿಸಲು ಹೋಗಿ ಸಿಕ್ಕಿಬೀಳಬೇಡಿ.

ಮಲೆನಾಡಿನಲ್ಲಿ ಫೋಟೋಗ್ರಾಫರ್‌ನ ದೊಡ್ಡ ಶತ್ರು ಪ್ರತಿಸ್ಪರ್ಧಿ ಅಲ್ಲ, ಬೂಷ್ಟು. ಸಕಲೇಶಪುರ, ಮೂಡಿಗೆರೆ, ಕೊಪ್ಪದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬ್ಯಾಗಿನಲ್ಲೇ ಬಿಟ್ಟ ಲೆನ್ಸಿನೊಳಗೆ ಜೇಡರ ಬಲೆಯಂಥ ಎಳೆಗಳು ಬೆಳೆಯುತ್ತವೆ. ಅದು ಗಾಜಿನ ಲೇಪನವನ್ನು ತಿಂದರೆ ಒರೆಸಿದರೂ ಕಲೆ ಹೋಗುವುದಿಲ್ಲ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಅದರಲ್ಲಿ ಅರ್ಧ ಕೆ.ಜಿ. ಸಿಲಿಕಾ ಜೆಲ್, ಜೊತೆಗೆ ತೇವಾಂಶ ಅಳೆಯುವ ಒಂದು ಸಣ್ಣ ಹೈಗ್ರೋಮೀಟರ್ ಇಷ್ಟು ಸಾಕು. ತೇವಾಂಶ ಶೇ. 40ರಿಂದ 50ರೊಳಗಿರಲಿ. ತೀರಾ ಒಣಗಿದರೆ ರಬ್ಬರ್, ಗ್ರೀಸ್ ಹಾಳಾಗುತ್ತವೆ. ಜೆಲ್ ಬಣ್ಣ ಬದಲಾಯಿಸಿದಾಗ ಸುಮಾರು 120 ಡಿಗ್ರಿಯಲ್ಲಿ ಎರಡು ಮೂರು ಗಂಟೆ ಕಾಯಿಸಿ ಮತ್ತೆ ಬಳಸಬಹುದು, ಅಡುಗೆ ಪಾತ್ರೆಯಲ್ಲಿ ಮಾತ್ರ ಬೇಡ. ಚರ್ಮದ ಕೇಸನ್ನು ಡಬ್ಬಿಯೊಳಗೆ ಇಡಬೇಡಿ. ಎಸಿ ಕಲ್ಯಾಣ ಮಂಟಪದಿಂದ ಮಳೆಯ ಅಂಗಳಕ್ಕೆ ಬರುವಾಗ ಕ್ಯಾಮೆರಾ ಅರ್ಧ ಗಂಟೆ ಜಿಪ್ ಹಾಕಿದ ಬ್ಯಾಗಿನಲ್ಲೇ ಇರಲಿ, ಇಲ್ಲದಿದ್ದರೆ ಗಾಜಿನ ಮೇಲೆ ಮಂಜು ಕೂರುತ್ತದೆ. ತಿಂಗಳಿಗೊಮ್ಮೆ ಎಲ್ಲ ಲೆನ್ಸುಗಳನ್ನು ಹೊರತೆಗೆದು, ಹಿಂದಿನಿಂದ ಟಾರ್ಚ್ ಹಾಕಿ ಒಳಗೆ ನೋಡಿ. ಎಳೆ ಕಂಡ ಲೆನ್ಸನ್ನು ಅಂದೇ ಬೇರೆ ಡಬ್ಬಿಗೆ ಹಾಕಿ ಸರ್ವಿಸ್‌ಗೆ ಕಳಿಸಿ, ಉಳಿದವುಗಳ ಜೊತೆ ಇಡಬೇಡಿ.