ಸೊನ್ನೆ ಡಿಗ್ರಿಯಲ್ಲಿ ಎಲೆಕ್ಟ್ರಾನ್ ಹಿಡಿಯುವುದು: ನನ್ನ ಅನುಭವ

ಕಾರ್ಬನ್ ಅಯಾನುಗಳ ಬೀಮ್ ಅನ್ನು ಹೀಲಿಯಂ ಅನಿಲದೊಳಗೆ ಹಾಯಿಸುವುದು, ಡಿಕ್ಕಿಯಿಂದ ಹೊರಬಂದ ಎಲೆಕ್ಟ್ರಾನ್‌ಗಳ ಶಕ್ತಿ ಅಳೆಯುವುದು. ಇದು ನನ್ನ ಕೆಲಸ. ಅಥೆನ್ಸ್‌ನ ಡೆಮೊಕ್ರಿಟೋಸ್ ಸಂಶೋಧನಾ ಕೇಂದ್ರದಲ್ಲಿ 5.5 ಮೆಗಾವೋಲ್ಟ್‌ನ ಟ್ಯಾಂಡಮ್ ವೇಗವರ್ಧಕ ಇದೆ. ನಾನು ಇದನ್ನು ಕಲಿತದ್ದು ಅಲ್ಲೇ. ಊರಿನ ಎಂ.ಎಸ್ಸಿ. ವಿದ್ಯಾರ್ಥಿಗಳು ಫೋನ್ ಮಾಡಿದಾಗ ಕೇಳುತ್ತಾರೆ: "ಸರ್, ಅಷ್ಟು ದೊಡ್ಡ ಯಂತ್ರ ಇಟ್ಕೊಂಡು ಕೊನೆಗೆ ನೋಡೋದೇನು?" ಮುಖ್ಯವಾಗಿ ಐದು ಪೀಕ್‌ಗಳನ್ನು, ಅಂದರೆ ಶಕ್ತಿಯ ನಕ್ಷೆಯಲ್ಲಿ ಎದ್ದು ಕಾಣುವ ಐದು ಶಿಖರಗಳನ್ನು (ರೇಖೆ ಅಂತಲೂ ಅನ್ನುತ್ತೇವೆ). ಆ ಐದೂ ಬೇರೆ ಬೇರೆಯಾಗಿ ಕಾಣುವಂತೆ ಮಾಡುವುದು ಅರ್ಧ ಕೆಲಸ. ಯಾವ ಪೀಕ್ ಯಾವ ಅಯಾನಿನಿಂದ ಬಂತು ಅಂತ ಖಚಿತವಾಗಿ ಹೇಳುವುದು ಉಳಿದರ್ಧ. ಮೊದಲ ಅರ್ಧದ ಬಗ್ಗೆ, ಅಂದರೆ ಪೀಕ್ ಬಿಡಿಸಿ ಕಾಣುವ ರೆಸಲ್ಯೂಷನ್ ಬಗ್ಗೆ, ಎಲ್ಲರೂ ಮಾತಾಡುತ್ತಾರೆ. ನಾನು ಎರಡನೆಯ ಅರ್ಧದ ಬಗ್ಗೆಯೇ ಜಾಸ್ತಿ ಹೇಳಬೇಕು.

ಮೊದಲು ಸೊನ್ನೆ ಡಿಗ್ರಿ, ಅಂದರೆ ಬೀಮ್ ಹೋಗುವ ದಿಕ್ಕಿನಲ್ಲೇ ನಿಂತು ಅಳೆಯುವುದು, ಯಾಕೆ ಅಂತ ನೋಡೋಣ. ಎಲೆಕ್ಟ್ರಾನ್ ಬಿಡುವ ಅಯಾನೇ ವೇಗವಾಗಿ ಓಡುತ್ತಿರುತ್ತದೆ. 12 ಮೆಗಾ ಇವಿ (ಇವಿ ಅಂದರೆ ಎಲೆಕ್ಟ್ರಾನ್ ವೋಲ್ಟ್, ಶಕ್ತಿಯ ಅಳತೆ) ಕಾರ್ಬನ್ ಅಂದರೆ ಒಂದು ನ್ಯಾನೋಸೆಕೆಂಡಿಗೆ ಸುಮಾರು 1.4 ಸೆಂ.ಮೀ. ಓಟ. ಪಕ್ಕದಿಂದ ನೋಡಿದರೆ ಕೋನ ಸ್ವಲ್ಪ ಬದಲಾದರೂ ಎಲೆಕ್ಟ್ರಾನಿನ ಶಕ್ತಿ ಬದಲಾಗಿ ರೇಖೆ ಅಗಲವಾಗುತ್ತದೆ. ಓಡುವ ಬಸ್ಸಿನಿಂದ ನೇರ ಮುಂದಕ್ಕೆ ಚೆಂಡು ಎಸೆಯಿರಿ. ಕೈ ಒಂದಿಷ್ಟು ಆಚೀಚೆ ಆದರೂ ನೆಲದ ಮೇಲೆ ನಿಂತವರಿಗೆ ಕಾಣುವ ವೇಗ ಹೆಚ್ಚುಕಡಿಮೆ ಅಷ್ಟೇ. ಅದಕ್ಕೇ ಬೀಮ್ ಹೋಗುವ ದಿಕ್ಕಿನಲ್ಲೇ ಅನಲೈಸರ್ ಇಡುತ್ತೇವೆ. ಅದು ಒಂದರೊಳಗೊಂದು ಇಟ್ಟ ಎರಡು ಅರ್ಧಗೋಳ, ಎಲೆಕ್ಟ್ರಾನ್‌ಗಳನ್ನು ಶಕ್ತಿಗೆ ತಕ್ಕಂತೆ ಬೇರ್ಪಡಿಸುತ್ತದೆ. ಬೀಮ್ ಅದರೊಳಗೇ ಹಾದು, ಹೊರಗಿನ ಅರ್ಧಗೋಳದ ತೂತಿನಿಂದ ಆಚೆ ಹೋಗಿ, ಬೀಮ್‌ನ ಕರೆಂಟ್ ಅಳೆಯುವ ಫ್ಯಾರಡೆ ಕಪ್ ಸೇರುತ್ತದೆ. ಎಲೆಕ್ಟ್ರಾನ್‌ಗಳು ಮಾತ್ರ ಬಾಗಿ ಡಿಟೆಕ್ಟರ್‌ಗೆ ಬರುತ್ತವೆ.

ಇನ್ನೊಂದು ಲಾಭವೂ ಇದೆ. ನಮ್ಮ ಬೀಮ್‌ನ ಅಯಾನಿನಲ್ಲಿ ಎರಡು ಎಲೆಕ್ಟ್ರಾನ್ ಇರುತ್ತವೆ. ಹೀಲಿಯಂನಿಂದ ಒಂದನ್ನು ಸೆಳೆದುಕೊಂಡರೆ ಮೂರಾಗುತ್ತವೆ. ಹೀಗೆ ಉದ್ರಿಕ್ತವಾದ ಅಯಾನು ಹೆಚ್ಚುವರಿ ಶಕ್ತಿ ಕಳೆದುಕೊಳ್ಳಲು ಒಂದು ಎಲೆಕ್ಟ್ರಾನ್ ಹೊರಹಾಕುವುದೇ ಓಜೆ ಕ್ರಿಯೆ. ಡಬ್ಲೆಟ್, ಕ್ವಾರ್ಟೆಟ್ ಅನ್ನುವುದು ಎಲೆಕ್ಟ್ರಾನ್‌ಗಳ ಸ್ಪಿನ್ (ಅವುಗಳ ಸ್ವಂತ ತಿರುಗುವಿಕೆಯಂಥ ಗುಣ) ಹೇಗೆ ಕೂಡಿದೆ ಅನ್ನುವುದರ ಹೆಸರು. ಎಸ್, ಪಿ, ಡಿ ಅವುಗಳ ಕಕ್ಷೆಯ ಚಲನೆಯ ಹೆಸರು. ಮೂರು ಎಲೆಕ್ಟ್ರಾನ್ ಇರುವ ಉದ್ರಿಕ್ತ ಕಾರ್ಬನ್‌ನಲ್ಲಿ ಡಬ್ಲೆಟ್ ಎಸ್ ಸ್ಥಿತಿಯ ಓಜೆ ರೇಖೆ 227.1 ಇವಿಯಲ್ಲಿದೆ. ಕ್ವಾರ್ಟೆಟ್ ಪಿ ಸ್ಥಿತಿಯದು 229.6ರಲ್ಲಿ. ಆಮೇಲೆ ಎರಡು ಡಬ್ಲೆಟ್ ಪಿ, 235.5 ಮತ್ತು 238.9. ಕೊನೆಗೆ ಡಬ್ಲೆಟ್ ಡಿ, 242.1. ಇವು ಅಯಾನಿನ ಜೊತೆಗೇ ಓಡುತ್ತಾ ಅಳೆದರೆ ಸಿಗುವ ಲೆಕ್ಕ. ಅಯಾನಿನ ವೇಗದಲ್ಲೇ ಹೋಗುವ ಎಲೆಕ್ಟ್ರಾನಿಗೆ ಸುಮಾರು 549 ಇವಿ ಶಕ್ತಿ. ಎರಡರ ವರ್ಗಮೂಲ ಕೂಡಿಸಿ, ಬಂದದ್ದನ್ನು ವರ್ಗ ಮಾಡಿ. ಪ್ರಯೋಗಾಲಯದಲ್ಲಿ ಮೊದಲ ರೇಖೆ 1482ರ ಹತ್ತಿರ, ಎರಡನೆಯದು 1488ರಲ್ಲಿ ಕಾಣುತ್ತದೆ. ನಡುವಿನ 2.5 ಇವಿ ಅಂತರ ಹಿಗ್ಗಿ 6.4 ಆಯಿತು.

ಆದರೂ ಅಷ್ಟು ಸಾಲದು. ಅನಲೈಸರ್ ಅರ್ಧ ಶೇಕಡಾ ನಿಖರ ಅಂತ ಇಟ್ಟುಕೊಳ್ಳಿ. 1488ಕ್ಕೆ ಅರ್ಧ ಶೇಕಡಾ ಅಂದರೆ 7.4 ಇವಿ. ಎರಡು ರೇಖೆಗಳೂ ಕೂಡಿ ಒಂದೇ ಗುಡ್ಡೆಯಾಗುತ್ತವೆ. ಹಾಗಾಗಿ ಒಳಗೆ ಬಿಡುವ ಮೊದಲೇ ಲೆನ್ಸ್‌ನಲ್ಲಿ ಎಲೆಕ್ಟ್ರಾನ್‌ಗಳ ವೇಗ ಇಳಿಸುತ್ತೇವೆ. ಎಲ್ಲದರ ಶಕ್ತಿಯಿಂದಲೂ ಒಂದೇ ಮೊತ್ತ ಕಳೆಯುವುದರಿಂದ ರೇಖೆಗಳ ನಡುವಿನ ಅಂತರ ಹಾಗೇ ಉಳಿಯುತ್ತದೆ. ಶಕ್ತಿಯನ್ನು ಕಾಲು ಭಾಗಕ್ಕೆ, ಅಂದರೆ 372ಕ್ಕೆ ತಂದರೆ ಅಗಲ 1.9 ಇವಿ. ರೇಖೆಗಳು ಸಲೀಸಾಗಿ ಬೇರೆಯಾಗುತ್ತವೆ. ಎಂಟನೇ ಒಂದಕ್ಕೆ ಇಳಿಸಿದರೆ ಇನ್ನೂ ಚೂಪು, ನಿಜ. ಆದರೆ ಕೌಂಟ್ಸ್, ಅಂದರೆ ಎಣಿಕೆಗೆ ಸಿಗುವ ಎಲೆಕ್ಟ್ರಾನ್‌ಗಳು, ಕಡಿಮೆಯಾಗುತ್ತವೆ. ಡಿಟೆಕ್ಟರ್ ಒಂದೇ ಸಲಕ್ಕೆ ಹಿಡಿಯುವ ಶಕ್ತಿಯ ಹರವೂ ಚಿಕ್ಕದಾಗಿ, ಐದು ಪೀಕ್‌ಗಳು ಒಂದೇ ಚಿತ್ರದಲ್ಲಿ ಹಿಡಿಸುವುದು ಕಷ್ಟ. ನನ್ನ ಪ್ರಶ್ನೆಗೆ ನಾಲ್ಕನೇ ಒಂದಕ್ಕೆ ಇಳಿಸಿದರೆ ಸಾಕು. ಬೇಕಾದದ್ದಕ್ಕಿಂತ ಚೂಪಾದ ಪೀಕ್‌ಗಾಗಿ ಬೀಮ್ ಟೈಮ್ (ವೇಗವರ್ಧಕ ನಮಗೆ ಸಿಗುವ ಸಮಯ) ಸುಡಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಭೂಮಿಯ ಕಾಂತಕ್ಷೇತ್ರವನ್ನು ಮರೆಯುವ ಹಾಗಿಲ್ಲ. ನಿಧಾನ ಮಾಡಿದ ಎಲೆಕ್ಟ್ರಾನ್‌ಗಳನ್ನು ಅದು ಒಂದು ಮೀಟರ್ ಆಸುಪಾಸಿನ ತ್ರಿಜ್ಯದಲ್ಲಿ ಬಾಗಿಸಿಬಿಡುತ್ತದೆ. ಅದಕ್ಕೆ ಚೇಂಬರ್ ಒಳಗೆ ಕಾಂತಕ್ಷೇತ್ರ ತಡೆಯುವ ಮ್ಯೂ-ಮೆಟಲ್ ಲೋಹದ ಹೊದಿಕೆ. ಅನಿಲದ ಒತ್ತಡವನ್ನು ಹಂತ ಹಂತವಾಗಿ ಏರಿಸಿ, ಪೀಕ್ ಅದೇ ಪ್ರಮಾಣದಲ್ಲಿ ಏರುತ್ತದಾ ಅಂತ ನೋಡುತ್ತೇನೆ. ನೇರ ಗೆರೆ ಬಂದರೆ ಒಂದು ಅಯಾನಿಗೆ ಒಂದೇ ಡಿಕ್ಕಿ ಅಂತ ನಂಬಬಹುದು. ಗೆರೆ ಬಾಗಲು ಶುರುವಾದರೆ ಒತ್ತಡ ಇಳಿಸಬೇಕು.

ಕೌಂಟ್ಸ್ ಅನ್ನು ನಿಜವಾದ ಅಡ್ಡಕೊಯ್ತಕ್ಕೆ (ಡಿಕ್ಕಿಯಲ್ಲಿ ಒಂದು ಕ್ರಿಯೆ ನಡೆಯುವ ಸಂಭವದ ಅಳತೆಗೆ) ತಿರುಗಿಸಲು ಒಂದು ಒಳ್ಳೆ ದಾರಿ ಇದೆ. ಎಲೆಕ್ಟ್ರಾನ್‌ಗಳನ್ನೆಲ್ಲ ಕಳೆದುಕೊಂಡ ಬರಿಯ ನ್ಯೂಕ್ಲಿಯಸ್‌ಗಳನ್ನು ಹೈಡ್ರೋಜನ್ ಅನಿಲದ ಮೇಲೆ ಬಿಡಿ. ಅನಿಲದ ಎಲೆಕ್ಟ್ರಾನ್ ನೇರ ಮುಖಾಮುಖಿಯಾಗಿ ಚಿಮ್ಮಿ ಮುಂದಕ್ಕೆ ಬರುತ್ತದೆ. ಅದರ ಶಕ್ತಿ 549ರ ನಾಲ್ಕು ಪಟ್ಟು, 2200 ಇವಿ ಸುತ್ತಮುತ್ತ. ಈ ಬೈನರಿ ಎನ್‌ಕೌಂಟರ್ ಪೀಕ್ ಎಷ್ಟು ಎತ್ತರ ಇರಬೇಕು ಅಂತ ಥಿಯರಿಯಿಂದ ಚೆನ್ನಾಗಿ ಗೊತ್ತು. ಅಳೆದದ್ದನ್ನು ಅದಕ್ಕೆ ಹೋಲಿಸಿದರೆ ಉಪಕರಣದ ದಕ್ಷತೆ ಸಿಗುತ್ತದೆ.

ಈಗ ಆ ಎರಡನೆಯ ಅರ್ಧ. ನಮ್ಮ ಬೀಮ್ ನಾಲ್ಕು ಎಲೆಕ್ಟ್ರಾನ್ ಕಳೆದುಕೊಂಡ ಕಾರ್ಬನ್. ಉಳಿದದ್ದು ಎರಡು. ಕೆಲವು ಅಯಾನುಗಳಲ್ಲಿ ಎರಡೂ ಅತಿ ಒಳಗಿನ ಕಕ್ಷೆಯಾದ 1ಎಸ್‌ನಲ್ಲಿ ಇರುತ್ತವೆ. ಅದು ತಳದ ಸ್ಥಿತಿ. ಇನ್ನು ಕೆಲವದರಲ್ಲಿ ಒಂದು 1ಎಸ್, ಇನ್ನೊಂದು 2ಎಸ್, ಸ್ಪಿನ್‌ಗಳು ಸಮಾಂತರ. ಇದು ಟ್ರಿಪ್ಲೆಟ್ ಎಸ್. ಇದರ ಆಯಸ್ಸು ಸುಮಾರು 20 ಮಿಲಿಸೆಕೆಂಡ್. ವೇಗವರ್ಧಕದಿಂದ ನಮ್ಮ ಚೇಂಬರ್‌ಗೆ ಬರಲು ಕೆಲವೇ ಮೈಕ್ರೋಸೆಕೆಂಡ್ ಸಾಕು. ಅಂದರೆ ಹುಟ್ಟಿದವೆಲ್ಲ ಹಾಗೇ ಬಂದು ತಲುಪುತ್ತವೆ. ಬೀಮ್ ಆರಿಸುವ ಮ್ಯಾಗ್ನೆಟ್‌ಗೆ ಇವೆರಡರ ನಡುವೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ಚಾರ್ಜ್ ಒಂದೇ, ತೂಕ ಒಂದೇ, ಅಲ್ವಾ? ಫ್ಯಾರಡೆ ಕಪ್‌ನಲ್ಲಿ ಕರೆಂಟ್ ಚೆನ್ನಾಗಿ ಕಂಡರೂ ಅದರೊಳಗೆ ಎರಡು ಜಾತಿ ಬೆರೆತಿರುತ್ತವೆ.

ಬೇರ್ಪಡಿಸಲು ಉಪಾಯ ಇದೆ. ಟ್ಯಾಂಡಮ್‌ನಲ್ಲಿ ಎಲೆಕ್ಟ್ರಾನ್ ಕಳಚಲು ತೆಳು ಕಾರ್ಬನ್ ಹಾಳೆ ಬಳಸಬಹುದು, ಇಲ್ಲವೇ ಅನಿಲ. ಹಾಳೆಯಲ್ಲಿ ಟ್ರಿಪ್ಲೆಟ್ ಜಾಸ್ತಿ ಹುಟ್ಟುತ್ತದೆ, ಅನಿಲದಲ್ಲಿ ಕಡಿಮೆ. ಅದೇ ಶಕ್ತಿ, ಅದೇ ಹೀಲಿಯಂ ಇಟ್ಟುಕೊಂಡು ಎರಡೂ ಬೀಮ್‌ನಲ್ಲಿ ಅಳೆಯುತ್ತೇನೆ. ಹಾಳೆ ಇದ್ದಾಗ ಪರದೆಯ ಮೇಲೆ ಎಲ್ಲಕ್ಕಿಂತ ಮೊದಲು ಕ್ವಾರ್ಟೆಟ್ ಪಿ ಪಟ್ಟಿ ಮೂಡುತ್ತದೆ, ಅದರ ಎಡಕ್ಕೇ ಅಂಟಿದಂತೆ ಡಬ್ಲೆಟ್ ಎಸ್. ಅನಿಲಕ್ಕೆ ಬದಲಿಸಿದರೆ ಈ ಎರಡೂ ಕುಗ್ಗುತ್ತವೆ. ಬಲತುದಿಯ ಡಬ್ಲೆಟ್ ಡಿ ಮಾತ್ರ ಗಟ್ಟಿಯಾಗಿ ನಿಲ್ಲುತ್ತದೆ. ಅದಕ್ಕೆ ಕಾರಣ, ಅದು ಮುಖ್ಯವಾಗಿ ತಳದ ಸ್ಥಿತಿಯಿಂದ ಬರುತ್ತದೆ: ಒಂದೇ ಡಿಕ್ಕಿಯಲ್ಲಿ ಒಂದು ಎಲೆಕ್ಟ್ರಾನ್ ಸೆರೆ, ಇನ್ನೊಂದು ಮೇಲಕ್ಕೆ. ಎರಡು ರೋಹಿತಗಳಲ್ಲೂ (ಪೀಕ್‌ಗಳಿರುವ ಶಕ್ತಿಯ ನಕ್ಷೆಗಳಲ್ಲೂ) ಕ್ವಾರ್ಟೆಟ್ ಸಮ ಆಗುವಂತೆ ಗುಣಿಸಿ, ಒಂದರಿಂದ ಇನ್ನೊಂದನ್ನು ಕಳೆದರೆ ತಳದ ಸ್ಥಿತಿಯ ರೋಹಿತ ಶುದ್ಧವಾಗಿ ಉಳಿಯುತ್ತದೆ. ಈ ಕಳೆಯುವ ಲೆಕ್ಕ ಸರಿಯಾಗಿ ಬಂದಾಗ ಆಗುವ ಸಂತೋಷ ನನಗೆ ಇವತ್ತಿಗೂ ಕಡಿಮೆಯಾಗಿಲ್ಲ.

ಕ್ವಾರ್ಟೆಟ್ ಪಿ ಬಗ್ಗೆ ಇನ್ನೂ ಹೇಳಲೇಬೇಕು. ಉಳಿದ ರೇಖೆಗಳ ಸ್ಥಿತಿಗಳು ಹೀಲಿಯಂ ತುಂಬಿದ ಗ್ಯಾಸ್ ಸೆಲ್ ಒಳಗೇ ಮುಗಿದುಹೋಗುತ್ತವೆ. ಇದು ಹಾಗಲ್ಲ. ಇದರ ಮೂರು ಒಳಸ್ಥಿತಿಗಳ ಆಯಸ್ಸು ಸುಮಾರು 3, 7 ಮತ್ತು 121 ನ್ಯಾನೋಸೆಕೆಂಡ್. ನಮ್ಮ ವೇಗಕ್ಕೆ ಅದು 4 ಸೆಂ.ಮೀ., 10 ಸೆಂ.ಮೀ. ಮತ್ತು 1.7 ಮೀಟರ್. ಸೆಲ್‌ನಿಂದ ಅನಲೈಸರ್ ಬಾಯಿಗೆ ಇರುವುದು 30 ಸೆಂ.ಮೀ. ಆಸುಪಾಸು. ಹಾಗಾಗಿ ಕೆಲವು ಎಲೆಕ್ಟ್ರಾನ್ ದಾರಿಯಲ್ಲಿ ಹುಟ್ಟುತ್ತವೆ, ಕೆಲವು ಲೆನ್ಸ್ ಒಳಗೆ, ಬಹಳಷ್ಟು ಅನಲೈಸರ್ ದಾಟಿದ ಮೇಲೆ. ಬಾಯಿಗೆ ಹತ್ತಿರ ಹುಟ್ಟಿದ್ದು ಸುಲಭವಾಗಿ ಒಳಗೆ ಬರುತ್ತದೆ. ಲೆನ್ಸ್‌ನಲ್ಲಿ ಹುಟ್ಟಿದ್ದರ ಶಕ್ತಿ ಅಲ್ಲಿನ ವೋಲ್ಟೇಜ್‌ಗೆ ತಕ್ಕಂತೆ ಸರಿದು ಪೀಕ್‌ಗೆ ಬಾಲ ಬರುತ್ತದೆ. ಸುಮ್ನೆ ಪೀಕ್ ಕೆಳಗಿನ ಕೌಂಟ್ಸ್ ಎಣಿಸಿ ಬರೆದರೆ ಆ ಸಂಖ್ಯೆಗೆ ಅರ್ಥವಿಲ್ಲ. ಲೆನ್ಸ್‌ನ ಒಂದೊಂದು ಎಲೆಕ್ಟ್ರೋಡ್ ಸೇರಿಸಿ ಕಂಪ್ಯೂಟರ್‌ನಲ್ಲಿ ಎಲೆಕ್ಟ್ರಾನ್‌ಗಳ ದಾರಿ ಹಾಕಿ, ತಿದ್ದುಪಡಿ ಅಂಶ ತೆಗೆಯಬೇಕು. ಬೇಸರದ ಕೆಲಸವೇ, ಆದರೆ ಇಡೀ ಪ್ರಯೋಗ ನಿಂತಿರುವುದು ಅದರ ಮೇಲೆ.

ಯಾಕೆ ಅಂದರೆ ಕೊನೆಯ ಪ್ರಶ್ನೆ ಇರುವುದೇ ಒಂದು ಅನುಪಾತದ ಬಗ್ಗೆ. ಟ್ರಿಪ್ಲೆಟ್ ಅಯಾನು 2ಪಿಯಲ್ಲಿ ಒಂದು ಎಲೆಕ್ಟ್ರಾನ್ ಹಿಡಿದರೆ ಕ್ವಾರ್ಟೆಟ್ ಆಗಬಹುದು, ಡಬ್ಲೆಟ್ ಆಗಬಹುದು. ಬರಿಯ ಸ್ಪಿನ್ ಎಣಿಕೆಯ ಪ್ರಕಾರ, ಅಂದರೆ ಸ್ಪಿನ್‌ಗಳು ಎಷ್ಟು ರೀತಿ ಕೂಡಬಹುದು ಅಂತ ಮಾತ್ರ ಎಣಿಸಿದರೆ, ಕ್ವಾರ್ಟೆಟ್ ಎರಡಕ್ಕೆ ಡಬ್ಲೆಟ್ ಒಂದು. 2004ರಲ್ಲಿ ಭೌತವಿಜ್ಞಾನಿ ಜಾನ್ ಟಾನಿಸ್ ಮತ್ತು ಸಂಗಡಿಗರು ಫ್ಲೋರಿನ್ ಅಯಾನುಗಳಲ್ಲಿ ಕ್ವಾರ್ಟೆಟ್ ಬಹಳ ಹೆಚ್ಚು ಇರುವುದನ್ನು ಕಂಡರು. ಒಂದೇ ಸ್ಪಿನ್‌ನ ಎರಡು ಎಲೆಕ್ಟ್ರಾನ್ ಒಂದೇ ಕಕ್ಷೆಯಲ್ಲಿ ಇರಲಾರವು ಅನ್ನುವ ಪೌಲಿ ನಿಯಮದಿಂದಾಗುವ ವಿನಿಮಯ ಕಾರಣ ಅಂದರು. 2008ರಲ್ಲಿ ಇನ್ನೊಬ್ಬ ಭೌತವಿಜ್ಞಾನಿ ಥಿಯೋಡೊರೊಸ್ ಜೂರೋಸ್ ಮತ್ತು ಜೊತೆಗಾರರು ಬೇರೆ ದಾರಿ ತೋರಿಸಿದರು. ಎತ್ತರದ ಕ್ವಾರ್ಟೆಟ್ ಸ್ಥಿತಿಗಳು ಸುಲಭವಾಗಿ ಎಲೆಕ್ಟ್ರಾನ್ ಬಿಡುವುದಿಲ್ಲ. ಬೆಳಕು ಬಿಟ್ಟು ಮೆಟ್ಟಿಲಿಳಿದು ಕ್ವಾರ್ಟೆಟ್ ಪಿಗೆ ಬಂದು ಸೇರುತ್ತವೆ, ಹಾಗಾಗಿ ಅದು ತುಂಬಿಕೊಳ್ಳುತ್ತದೆ. 2020ರಲ್ಲಿ ಕಾರ್ಬನ್ ಮೇಲಿನ ಅಥೆನ್ಸ್ ಅಳತೆಗಳು, ಮೂರು ಎಲೆಕ್ಟ್ರಾನ್‌ಗಳನ್ನು ಒಟ್ಟಿಗೇ ಲೆಕ್ಕಕ್ಕೆ ತೆಗೆದುಕೊಂಡ ಥಿಯರಿಯ ಜೊತೆ ಪ್ರಕಟವಾದವು. ಸರಳ ಸ್ಪಿನ್ ಎಣಿಕೆ ಇಲ್ಲಿ ನಿಲ್ಲುವುದಿಲ್ಲ ಅಂತ ಅವು ತೋರಿಸಿದವು. ಮೆಟ್ಟಿಲಿಳಿದು ಬಂದದ್ದು ಎಷ್ಟು, ನೇರ ಸೆರೆಯಿಂದ ಬಂದದ್ದು ಎಷ್ಟು ಅಂತ ಬಿಡಿಸದೆ ಈ ವಾದ ಬಗೆಹರಿಯದು. ಅದಕ್ಕೇ ತಿದ್ದುಪಡಿ ಅಂಶದ ಮೇಲೆ ಅಷ್ಟು ಹಟ.

ಈಗ ನನ್ನ ಕಣ್ಣು ಆಕ್ಸಿಜನ್ ಮೇಲಿದೆ. ಅದರಲ್ಲಿ ಟ್ರಿಪ್ಲೆಟ್‌ನ ಆಯಸ್ಸು ಸುಮಾರು 1 ಮಿಲಿಸೆಕೆಂಡ್‌ಗೆ ಇಳಿಯುತ್ತದೆ. ಆದರೂ ಚೇಂಬರ್ ತಲುಪಲು ಅದು ಧಾರಾಳ ಸಾಕು, ಹಾಳೆ ಮತ್ತು ಅನಿಲದ ಉಪಾಯ ಹಾಗೇ ನಡೆಯುತ್ತದೆ. ಕ್ವಾರ್ಟೆಟ್‌ನ ತಿದ್ದುಪಡಿಯನ್ನು ಮಾತ್ರ ಮೊದಲಿನಿಂದ ಲೆಕ್ಕ ಹಾಕಬೇಕು. ಬೀಮ್ ಟೈಮ್ ಸಿಗುವ ಮುಂಚೆಯೇ ಅದನ್ನು ಮುಗಿಸಿಡುತ್ತಿದ್ದೇನೆ.