ಒಂದೇ ಕೆನ್ನೆ ಬಾತ ಕಲ್ಲೇಡಿಗಳು

ಕುಂದಾಪುರದ ನಮ್ಮ ಮನೆಯಲ್ಲಿ ಚಟ್ಲಿ, ಅಂದರೆ ಸಿಗಡಿ, ಸುಲಿಯುವಾಗ ಅಮ್ಮ ಅಪರೂಪಕ್ಕೆ ಒಂದನ್ನು ಎತ್ತಿ ತೋರಿಸುತ್ತಿದ್ದರು. "ಇದ್ರ್ ಕೆನ್ನಿ ಬಾತ್ಕಂಡಿತ್ ಕಾಣ್." ಚಿಪ್ಪು ಬಿಡಿಸಿದರೆ ಒಳಗೆ ಚಪ್ಪಟೆಯಾದ, ಸೊಟ್ಟಗಿನ ಒಂದು ಹುಳ. ಅದನ್ನು ಕಿತ್ತು ಬೆಕ್ಕಿಗೆ ಹಾಕುತ್ತಿದ್ದರು, ಅಷ್ಟೇ. ಮುಂದೆ ಇದೇ ಬಾವನ್ನು ಕಲ್ಲಿನಲ್ಲಿ ಹುಡುಕುವುದು ನನ್ನ ಕೆಲಸವಾಗುತ್ತದೆ ಅಂತ ಯಾರಿಗೆ ಗೊತ್ತಿತ್ತು!

ಯುರೋಪಿನ ಒಂದು ಮ್ಯೂಸಿಯಂನಲ್ಲಿ ನನಗೆ ಕೊಟ್ಟಿದ್ದು ಕೋಸ್ಕೊಬಿಲೊ ಪಳೆಯುಳಿಕೆಗಳ ಡ್ರಾಯರ್‌ಗಳು. ಅದು ಉತ್ತರ ಸ್ಪೇನಿನ ನವಾರ್ರಾದಲ್ಲಿರುವ, ಈಗ ಕೆಲಸ ನಿಂತಿರುವ ಕಲ್ಲುಕ್ವಾರಿ. ಸುಮಾರು 10 ಕೋಟಿ ವರ್ಷಗಳ ಹಿಂದೆ ಅಲ್ಲಿ ಸಮುದ್ರವಿತ್ತು, ಹವಳದ ದಿಬ್ಬಗಳಿದ್ದವು. ಸಿಗುವುದೆಲ್ಲ ಉಗುರಿನಷ್ಟು ದೊಡ್ಡ ಬೆನ್ನಚಿಪ್ಪುಗಳು. ಕಾಲು, ಕೊಂಡಿ ಯಾವುದೂ ಜೊತೆಗಿರುವುದಿಲ್ಲ. ಏಡಿಗಳಿವೆ, ಏಡಿಯ ಹತ್ತಿರದ ನೆಂಟರಾದ ಸ್ಕ್ವಾಟ್ ಲಾಬ್‌ಸ್ಟರ್‌ಗಳೂ ಇವೆ. ಬಾವು ಜಾಸ್ತಿ ಕಾಣುವುದು ಈ ನೆಂಟರಲ್ಲೇ.

ಬಾವು ತರುವ ಆ ಹುಳ ಬೋಪೈರಿಡ್ ಅನ್ನುವ ಪರಾವಲಂಬಿ. ಅದು ಬಂದು ಸೇರುವುದು ಕಿವಿರು ಇರುವ ಗೂಡಿಗೆ, ಅಂದರೆ ಅಮ್ಮ ಹೇಳುತ್ತಿದ್ದ ಕೆನ್ನೆಗೆ. ದೊಡ್ಡದು ಹೆಣ್ಣು. ಗಂಡು ಅವಳ ಮೈಗೆ ಅಂಟಿಕೊಂಡಿರುವ ಒಂದು ಚೂರು. ಏಡಿ ಪೊರೆ ಬಿಟ್ಟಾಗಲೂ ಇದು ಸಾಮಾನ್ಯವಾಗಿ ಜಾಗ ಬಿಡುವುದಿಲ್ಲ, ಹೊಸ ಚಿಪ್ಪು ಮೆತ್ತಗಿರುವಾಗಲೇ ಇದರ ಮೇಲೆ ಉಬ್ಬಿ, ಆಮೇಲೆ ಸುಣ್ಣ ತುಂಬಿ ಹಾಗೇ ಗಟ್ಟಿಯಾಗಿಬಿಡುತ್ತದೆ. ಹುಳ ಕೊಳೆತು ಹೋಗುತ್ತದೆ, ಚಿಪ್ಪು ಉಳಿಯುತ್ತದೆ. ನಾನು ನೋಡಿದ ಒಂದರಲ್ಲೂ ಹುಳ ಇರಲಿಲ್ಲ. 2014ರಲ್ಲಿ ಈ ಬಾವಿಗೇ ಕ್ಯಾಂಥೈಲೋಮಾ ಕ್ರಸ್ಟಾ ಅಂತ ಹೆಸರಿಟ್ಟರು. ಪ್ರಾಣಿಗಲ್ಲ, ಅದು ಬಿಟ್ಟುಹೋದ ಗುರುತಿಗೆ ಹೆಸರು!

ಎಷ್ಟು ಚಿಪ್ಪಿಗೆ ಬಾವಿದೆ ಅಂತ ಎಣಿಸುವುದು ನನ್ನ ಕೆಲಸ. ಮೊದಲ ವಾರ ನನ್ನ ಲೆಕ್ಕ ಪೂರ್ತಿ ತಪ್ಪಾಯಿತು. ಉಬ್ಬಿದ್ದೆಲ್ಲ ಬಾವು ಅಂತ ಬರೆದುಕೊಂಡಿದ್ದೆ. ಮಣ್ಣಿನ ಭಾರಕ್ಕೆ ನಜ್ಜಾದ ಚಿಪ್ಪೂ ಉಬ್ಬುತ್ತದೆ ಅಲ್ವಾ? ಆಮೇಲೆ ಚಿಪ್ಪಿನ ಪಕ್ಕದಿಂದ ತಗ್ಗಾಗಿ ಬೆಳಕು ಬಿಟ್ಟು, ಮೈಕ್ರೋಸ್ಕೋಪಿನಲ್ಲಿ ಒಂದೊಂದನ್ನೂ ತಿರುಗಿಸಿ ನೋಡತೊಡಗಿದೆ. ನಜ್ಜಾಗಿದ್ದರೆ ಅಂಚಿನಲ್ಲಿ ಬಿರುಕು ಇರುತ್ತದೆ. ನಿಜವಾದ ಬಾವಿನ ಮೇಲೆ ಚಿಪ್ಪಿನ ಗೆರೆಗಳು, ಗುಳ್ಳೆಗಳು ಕಡಿಯದೆ ಹತ್ತಿ ಇಳಿಯುತ್ತವೆ, ಸ್ವಲ್ಪ ದೂರ ದೂರ ಆಗಿರಬಹುದು ಅಷ್ಟೇ. ಬಾವು ಹೆಚ್ಚಾಗಿ ಒಂದೇ ಬದಿಗಿರುವುದರಿಂದ ಇನ್ನೊಂದು ಬದಿಯನ್ನು ಅಳತೆಗೆ ಇಟ್ಟುಕೊಳ್ಳಬಹುದು.

ಫೋಟೋಗೆ ಮಾತ್ರ ನವಸಾಗರ ಬೇಕು, ಹೌದು, ಕಲಾಯಿ ಹಾಕುವವರು ಬಳಸುತ್ತಿದ್ದರಲ್ಲ, ಅದೇ. ಗಾಜಿನ ಕೊಳವೆಯಲ್ಲಿ ಬಿಸಿ ಮಾಡಿ ಅದರ ಬಿಳಿ ಹೊಗೆಯನ್ನು ಕಲ್ಲಿನ ಮೇಲೆ ತೆಳ್ಳಗೆ ಕೂರಿಸಿದರೆ ಬಣ್ಣದ ಕಲೆಗಳೆಲ್ಲ ಮುಚ್ಚಿ ಉಬ್ಬುತಗ್ಗು ಮಾತ್ರ ಕಾಣುತ್ತದೆ. ಮಳೆ ದಿನ ಈ ಕೆಲಸ ಬೇಡ, ತೇವ ತಾಗಿದರೆ ಪದರ ಕೆಡುತ್ತದೆ. ಹತ್ತಿರ ಬಾಗಿ ಉಸಿರು ಬಿಟ್ಟೇ ನಾನು ಎರಡು ಸಲ ಹಾಳು ಮಾಡಿದ್ದೇನೆ.

ಇನ್ನೊಂದು ತಪ್ಪು ಇನ್ನೂ ಕೊರೆಯುತ್ತದೆ. ಬಾವಿನ ಮೇಲಿದ್ದ ಸುಣ್ಣಕಲ್ಲು ಬಿಡಿಸಲು ಗಾಳಿ ಒತ್ತಡದ ಉಳಿ ಹಿಡಿದೆ. ಚಿಪ್ಪು ಕಾಗದದಷ್ಟು ತೆಳು, ಬಾವಿನ ತುದಿಯೇ ಹಾರಿಹೋಯಿತು. ಒಳಗೆ ತುಂಬಿ ಗಟ್ಟಿಯಾದ ಕಲ್ಲಿನಲ್ಲಿ ಉಬ್ಬು ಹಾಗೇ ಇದ್ದದ್ದರಿಂದ ಲೆಕ್ಕಕ್ಕೆ ಉಳಿಯಿತು. ಆವತ್ತಿನಿಂದ ಕೊನೆಯ ಒಂದು ಮಿಲಿಮೀಟರ್ ಸೂಜಿಯಲ್ಲೇ.

ಎಣಿಸುವಾಗ ಎರಡೂ ಕೆನ್ನೆ ಪೂರ್ತಿ ಇರುವ ಚಿಪ್ಪುಗಳನ್ನಷ್ಟೇ ತೆಗೆದುಕೊಳ್ಳಬೇಕು. ಅರ್ಧ ಮುರಿದದ್ದನ್ನು "ಬಾವಿಲ್ಲ" ಅಂತ ಬರೆದರೆ ಸುಮ್ನೆ ಸುಳ್ಳು ಲೆಕ್ಕ, ಕಾಣೆಯಾದ ಕೆನ್ನೆಯಲ್ಲೇ ಅದು ಇದ್ದಿರಬಹುದು. ಹೀಗೆ ಜರಡಿ ಹಿಡಿದಾಗ ನನ್ನ ಒಂದು ಡ್ರಾಯರ್ ಹೆಚ್ಚುಕಡಿಮೆ ಅರ್ಧ ಖಾಲಿಯಾಯಿತು.