ಊರಿನ ಹೆಸರು ಸಿಗುವವರೆಗೆ ಐರ್ಲೆಂಡಿಗೆ ಹೋಗಬೇಡಿ

ಅಮೆರಿಕಕ್ಕೆ ವಲಸೆ ಬಂದ ಐರಿಶ್ ಪೂರ್ವಜರನ್ನು ಹುಡುಕುವವರಲ್ಲಿ ಹೆಚ್ಚಿನವರು ಮೊದಲ ದಿನವೇ ಡಬ್ಲಿನ್ ದಾಖಲೆಗಳಿಗೆ ಕೈ ಹಾಕುತ್ತಾರೆ, ಅಲ್ಲೇ ಸಿಕ್ಕಿಬೀಳುತ್ತಾರೆ. ಐರ್ಲೆಂಡಿನ ದಾಖಲೆಗಳು ನಿಂತಿರುವುದು ಊರಿನ ಮೇಲೆ. ಕಾರ್ಕ್ ಕೌಂಟಿಯಲ್ಲಿ ಮೇರಿ ಸಲ್ಲಿವನ್‌ಗಳಿಗೆ ಲೆಕ್ಕವೇ ಇಲ್ಲ. ಅವರಲ್ಲಿ ನಿಮ್ಮವರು ಯಾರು ಎಂದು ಬಿಡಿಸಿ ಹೇಳುವುದು ‘ಟೌನ್‌ಲ್ಯಾಂಡ್’, ಅಂದರೆ ನಮ್ಮ ಮಜರೆಯಂಥ ಪುಟ್ಟ ಭೂಭಾಗ. ಇಂಥವು ಆ ದ್ವೀಪದಲ್ಲಿ 60 ಸಾವಿರಕ್ಕೂ ಹೆಚ್ಚಿವೆ. ನಿಮಗೆ ಬೇಕಾದ ಆ ಒಂದು ಹೆಸರು ಬಹುಪಾಲು ಅಮೆರಿಕದ ಕಾಗದಗಳಲ್ಲಿ, ಇಲ್ಲವೇ ಮನೆಯ ಟ್ರಂಕಿನಲ್ಲಿಯೇ ಇರುತ್ತದೆ.

ಮೊದಲು ಟ್ರಂಕು ತೆರೆಯಿರಿ

ಪ್ರಾರ್ಥನಾ ಪುಸ್ತಕ, ಸತ್ತವರ ಸ್ಮರಣೆಯ ಕಾರ್ಡು, ಲಕೋಟೆಯ ಅಂಚೆಮುದ್ರೆ, ಫೋಟೊದ ಹಿಂಬದಿ – ಯಾವುದನ್ನೂ ಬಿಡಬೇಡಿ. ಮನೆಯ ಹಿರಿಯರನ್ನು ‘ಯಾವ ಊರಿನಿಂದ ಬಂದರು’ ಎಂದಷ್ಟೇ ಕೇಳಿ ಸುಮ್ಮನಾಗಬೇಡಿ. ಮಕ್ಕಳಿಗೆ ದೀಕ್ಷಾಸ್ನಾನದಲ್ಲಿ ಜ್ಞಾನ ತಂದೆ-ತಾಯಿ (ಗಾಡ್‌ಪೇರೆಂಟ್ಸ್) ಯಾರಾಗಿದ್ದರು, ಬಂದ ಹೊಸದರಲ್ಲಿ ಯಾರ ಮನೆಯಲ್ಲಿ ಇಳಿದುಕೊಂಡರು ಎಂದು ಕೇಳಿ. ಆ ಜನ ಹೆಚ್ಚಾಗಿ ಒಂದೇ ಊರಿನವರಾಗಿರುತ್ತಿದ್ದರು.

ಫೋಟೊಗೆ ವಯಸ್ಸು ಹೇಳುವುದು

ಹಳೆಯ ಚಿತ್ರವನ್ನು ಯಾವುದರ ಮೇಲೆ ತೆಗೆದಿದ್ದಾರೆ ಎಂಬುದೇ ಮೊದಲ ಸುಳಿವು. ಸಣ್ಣ ಅಯಸ್ಕಾಂತವೊಂದನ್ನು ಹಿಂಬದಿಯಿಂದ, ತಾಗಿಸದೆ, ಹತ್ತಿರ ತನ್ನಿ. ಸೆಳೆತ ಕಂಡರೆ ಅದು ಕಬ್ಬಿಣದ ತಗಡಿನ ಟಿನ್‌ಟೈಪ್, 1856ರಿಂದ ಈಚಿನದು. ಗಾಜಿನ ಮೇಲಿದ್ದರೆ ಹೆಚ್ಚಿನ ಪಾಲು ಆಂಬ್ರೊಟೈಪ್, 1850ರ ದಶಕದ ನಡುವಿನಿಂದ ಈಚಿನದು. ಕನ್ನಡಿಯಂತೆ ಹೊಳೆದು, ಓರೆಯಾಗಿಸಿದಾಗ ಮುಖ ಮಾಯವಾದರೆ ಡಗೆರೊಟೈಪ್. ಇದನ್ನು ಬಟ್ಟೆಯಿಂದ ಒರೆಸಲೇಬೇಡಿ. ಬೆಳ್ಳಿ ಲೇಪಿಸಿದ ತಾಮ್ರದ ತಗಡಿನ ಮೇಲೆ ಸೂಕ್ಷ್ಮ ಕಣಗಳಾಗಿ ಕೂತಿರುವ ಚಿತ್ರ ಒಂದೇ ಉಜ್ಜಿಗೆ ಹೋಗಿಬಿಡುತ್ತದೆ, ಮತ್ತೆ ಬರುವುದಿಲ್ಲ.

ರಟ್ಟಿಗೆ ಅಂಟಿಸಿದ ಚಿತ್ರವನ್ನು ಅಳೆಯಿರಿ. ಸುಮಾರು 2½×4 ಇಂಚು ಇದ್ದರೆ ಕಾರ್ಟ್ ದ ವಿಸಿಟ್, 4¼×6½ ಇಂಚು ಇದ್ದರೆ 1866ರಿಂದ ಈಚಿನ ಕ್ಯಾಬಿನೆಟ್ ಕಾರ್ಡ್. ರಟ್ಟನ್ನು ತಿರುಗಿಸಿದಾಗ ತೆರಿಗೆ ಅಂಚೆಚೀಟಿಯೊಂದು ಅಂಟಿಕೊಂಡಿದ್ದರೆ ನಿಮ್ಮ ಅದೃಷ್ಟ. ಅಂತರ್ಯುದ್ಧದ ಖರ್ಚಿಗಾಗಿ ಅಮೆರಿಕ ಫೋಟೊಗಳ ಮೇಲೆ ತೆರಿಗೆ ಹಾಕಿದ್ದು 1864ರ ಸೆಪ್ಟೆಂಬರ್‌ನಿಂದ 1866ರ ಆಗಸ್ಟ್ 1ರವರೆಗೆ ಮಾತ್ರ. ಚೀಟಿಯ ಮೇಲೆ ಸ್ಟುಡಿಯೊದವರು ಶಾಯಿಯಲ್ಲಿ ಗೀಚಿದ ತಾರೀಖು ಕೆಲವೊಮ್ಮೆ ಇಂದಿಗೂ ಓದಲು ಸಿಗುತ್ತದೆ. ಸ್ಟುಡಿಯೊದ ವಿಳಾಸವಿದ್ದರೆ ಆ ನಗರದ ಹಳೆಯ ಡೈರೆಕ್ಟರಿಗಳಲ್ಲಿ ಅದು ಯಾವ ವರ್ಷಗಳಲ್ಲಿ ಅಲ್ಲಿತ್ತು ಎಂದು ನೋಡಿ. ವಿಳಾಸ ಐರ್ಲೆಂಡಿನದಾದರೆ ಇನ್ನೂ ಒಳ್ಳೆಯದು, ಅದು ಊರಿಗೆ ಹತ್ತಿರದ ಸಂತೆಪೇಟೆಯಾಗಿರಬಹುದು. ಉಡುಪು ನೋಡಿ ಕಾಲ ಹೇಳುವಾಗ ಮಾತ್ರ ಎಚ್ಚರವಿರಲಿ. ಬಡವರು ಒಂದೇ ಕೋಟನ್ನು ಹತ್ತಾರು ವರ್ಷ ಹಾಕಿದ್ದುಂಟು. ಹಳೆಯ ಚಿತ್ರಕ್ಕೆ ಮುಂದೆಂದೋ ಪ್ರತಿ ತೆಗೆಸಿ ಹೊಸ ರಟ್ಟಿಗೆ ಅಂಟಿಸಿದ್ದೂ ಉಂಟು.

ಸ್ಕ್ಯಾನ್ ಮಾಡುವಾಗ 600 ಡಿಪಿಐ, ಟಿಫ್ ಕಡತ, ಎರಡೂ ಬದಿ. ಹೆಸರು ಬರೆಯಲು ಮೆತ್ತನೆಯ ಪೆನ್ಸಿಲ್ ಸಾಕು, ಬಾಲ್‌ಪೆನ್ ಒತ್ತು ಮುಂದಿನ ಮುಖದ ಮೇಲೆ ಮೂಡುತ್ತದೆ.

ಅಮೆರಿಕದ ಕಾಗದಗಳು

ಸಾವಿನಿಂದ ಹಿಂದಕ್ಕೆ ನಡೆಯಿರಿ. ಮರಣಪತ್ರದಲ್ಲಿ ತಂದೆ-ತಾಯಿಯ ಹೆಸರು, ಗೋರಿಕಲ್ಲಿನ ಮೇಲೆ ಒಮ್ಮೊಮ್ಮೆ ಕೌಂಟಿ ಮತ್ತು ಧರ್ಮಕೇಂದ್ರ (ಪ್ಯಾರಿಷ್), ಚರ್ಚಿನ ಮದುವೆ ಪುಸ್ತಕದಲ್ಲಿ ಪಾದ್ರಿ ಬರೆದಿಟ್ಟ ಹುಟ್ಟೂರು ಸಿಗಬಹುದು. 1900ರ ಜನಗಣತಿ ವಲಸೆ ಬಂದ ವರ್ಷ ಹೇಳುತ್ತದೆ. 1890ರ ಜನಗಣತಿ ಬೆಂಕಿಯಿಂದಾಗಿ ಬಹುತೇಕ ನಾಶವಾಗಿದೆ, ಅದಕ್ಕೆ ಕಾಯಬೇಡಿ. ಪೌರತ್ವದ ಕಾಗದ 1906ರ ಸೆಪ್ಟೆಂಬರ್‌ಗಿಂತ ಹಿಂದಿನದಾದರೆ ಸಾಮಾನ್ಯವಾಗಿ ಬ್ರಿಟನ್ನಿನ ದೊರೆಯ ನಿಷ್ಠೆ ತೊರೆದ ಸಾಲಷ್ಟೇ ಇರುತ್ತದೆ. ಅನಂತರದ್ದರಲ್ಲಿ ಹುಟ್ಟಿದ ಊರು, ದಿನ ಇರುತ್ತದೆ. ಹಡಗಿನ ಪಟ್ಟಿಯೂ ಹಾಗೆಯೇ. ಐರ್ಲೆಂಡಿನ ಮಹಾ ಬರಗಾಲದ ವರ್ಷಗಳಲ್ಲಿ (1840ರ ದಶಕದ ನಡುವಿನಿಂದ) ಬರೇ ‘ಐರ್ಲೆಂಡ್’, 1907ರಿಂದ ಊರಲ್ಲಿ ಉಳಿದ ಹತ್ತಿರದ ಬಂಧುವಿನ ಹೆಸರು, ವಿಳಾಸ. ನ್ಯೂಯಾರ್ಕಿನಲ್ಲಿ ನೆಲೆಸಿದ್ದವರಾದರೆ 1850ರಲ್ಲಿ ಶುರುವಾದ ಎಮಿಗ್ರಂಟ್ ಸೇವಿಂಗ್ಸ್ ಬ್ಯಾಂಕಿನ ಪುಸ್ತಕಗಳನ್ನು ತಪ್ಪದೆ ನೋಡಿ. ಖಾತೆದಾರರ ಗುರುತಿಗೆಂದು ಹುಟ್ಟೂರು, ಹಡಗಿನ ಹೆಸರು, ಬಂಧುಗಳ ವಿವರ ಬರೆಸಿಕೊಳ್ಳುತ್ತಿದ್ದರು. ‘ಬೋಸ್ಟನ್ ಪೈಲಟ್’ ಪತ್ರಿಕೆ 1831ರಿಂದ 1921ರವರೆಗೆ ಕಾಣೆಯಾದ ಬಂಧುಗಳನ್ನು ಹುಡುಕುವ ಜಾಹೀರಾತು ಹಾಕುತ್ತಿತ್ತು. ಅವುಗಳಲ್ಲಿ ಹುಟ್ಟೂರು ಇರುತ್ತಿದ್ದುದು ಮಾಮೂಲು.

ನ್ಯೂಯಾರ್ಕ್ ಬಂದರಿನ ವಲಸೆ ಕೇಂದ್ರವಾಗಿದ್ದ ಎಲಿಸ್ ದ್ವೀಪದ ಗುಮಾಸ್ತ ಹೆಸರು ಬದಲಿಸಿದ ಎಂಬ ಮಾತನ್ನು ನಂಬಬೇಡಿ. ಹಡಗು ಕಂಪನಿ ಬರೆದು ತಂದ ಪಟ್ಟಿಯನ್ನೇ ಅವನು ನೋಡುತ್ತಿದ್ದ. ಆ ಕೇಂದ್ರ ತೆರೆದದ್ದೇ 1892ರಲ್ಲಿ, ಬರಗಾಲದಲ್ಲಿ ಬಂದವರು ಅದನ್ನು ಕಂಡಿರಲೇ ಇಲ್ಲ. ಹೆಸರು ಬದಲಾದದ್ದು ಜನರ ಬಾಯಲ್ಲಿ. ಓಕಾನರ್ ಕಾನರ್ ಆದ, ಬ್ರಿಜೆಟ್ ಡೀಲಿಯಾ ಆದಳು.

ಈಗ ಕಡಲು ದಾಟಿ

1864ರಿಂದ ಎಲ್ಲರ ಹುಟ್ಟು, ಮದುವೆ, ಸಾವು ಸರ್ಕಾರದಲ್ಲಿ ನೋಂದಣಿಯಾಗಿದೆ. ಕ್ಯಾಥೊಲಿಕರಲ್ಲದವರ ಮದುವೆ 1845ರಿಂದಲೇ ಇದೆ. ಹಳೆಯ ನೋಂದಣಿ ಪುಟಗಳು ‘ಐರಿಶ್ ಜೀನಿಯಾಲಜಿ’ ಸರ್ಕಾರಿ ತಾಣದಲ್ಲಿ ಉಚಿತ. ಅದಕ್ಕೂ ಹಿಂದೆ ಹೋಗಲು ರಾಷ್ಟ್ರೀಯ ಗ್ರಂಥಾಲಯ ಅಂತರ್ಜಾಲದಲ್ಲಿ ಹಾಕಿರುವ, ಸುಮಾರು 1880ರವರೆಗಿನ ಕ್ಯಾಥೊಲಿಕ್ ಧರ್ಮಕೇಂದ್ರಗಳ ಪುಸ್ತಕಗಳಿವೆ. ಅನೇಕವು ಲ್ಯಾಟಿನ್‌ನಲ್ಲಿವೆ: ಜೇಮ್ಸ್ ಅಲ್ಲಿ ಯಾಕೋಬುಸ್, ವಿಲಿಯಂ ಗುಲಿಯೆಲ್ಮುಸ್. 1847–64ರ ಗ್ರಿಫಿತ್ ಭೂಮೌಲ್ಯಮಾಪನದಲ್ಲಿ ಮನೆ-ಜಮೀನು ಹಿಡಿದವರ ಹೆಸರು ಮಾತ್ರ ಇದೆ, ಮಕ್ಕಳನ್ನು ಅಲ್ಲಿ ಹುಡುಕಬೇಡಿ. ಪೂರ್ತಿಯಾಗಿ ಉಳಿದಿರುವ ಅತಿ ಹಳೆಯ ಜನಗಣತಿಗಳೆಂದರೆ 1901, 1911. 1821ರಿಂದ 1851ರವರೆಗಿನವು 1922ರಲ್ಲಿ ಡಬ್ಲಿನ್‌ನ ಫೋರ್ ಕೋರ್ಟ್ಸ್ ದಾಖಲೆ ಕಚೇರಿಯೊಂದಿಗೆ ಬಹುತೇಕ ಸುಟ್ಟುಹೋದವು.

ವಯಸ್ಸು ತಾಳೆಯಾಗದಿದ್ದರೆ ಕೈಬಿಡಬೇಡಿ. 1901ರಲ್ಲಿ 55 ಇದ್ದವರು 1911ರಲ್ಲಿ 70 ಆಗಿರುವುದುಂಟು: 1909ರ ಜನವರಿಯಿಂದ 70 ದಾಟಿದವರಿಗೆ ಪಿಂಚಣಿ ಶುರುವಾಗಿದ್ದರಿಂದ ವಯಸ್ಸು ಏರಿಸಿ ಹೇಳಿದವರಿದ್ದರು. ಹುಟ್ಟಿದ ದಿನಕ್ಕಿಂತ ಮೊದಲೇ ದೀಕ್ಷಾಸ್ನಾನವಾಗಿದ್ದರೆ ಪಾದ್ರಿಯ ಪುಸ್ತಕವನ್ನೇ ನಂಬಿ. ನೋಂದಣಿ ತಡವಾದರೆ ದಂಡ ಬೀಳುತ್ತಿದ್ದುದರಿಂದ ತಂದೆ ತಾರೀಖನ್ನು ಮುಂದಕ್ಕೆ ಹಾಕಿ ಬರೆಸಿರುತ್ತಾನೆ. ತಂದೆಯ ಹೆಸರು, ತಾಯಿಯ ತವರುಮನೆತನದ ಹೆಸರು, ಒಬ್ಬ ಒಡಹುಟ್ಟಿದವರು – ಮೂರೂ ಹೊಂದಿದಾಗಲೇ ‘ಇವರು ನಮ್ಮವರು’ ಎಂದು ಬರೆದುಕೊಳ್ಳಿ.

ಬೆಂಗಳೂರು ದಂಡಿಗೆ ಬಂದ ಐರಿಶ್ ಸೈನಿಕರ ವಂಶದವರಿಗೆ ದಾರಿ ಬೇರೆ. ಮದುವೆ, ದೀಕ್ಷಾಸ್ನಾನ, ಸಮಾಧಿಯ ದಾಖಲೆಗಳು ಬ್ರಿಟಿಷ್ ಲೈಬ್ರರಿಯ ಮದರಾಸು ಸರಣಿಯಲ್ಲಿ (ಎನ್/2) ಇವೆ. ಬ್ರಿಟನ್ನಿನ ರಾಜಸೇನೆಯಿಂದ ಪಿಂಚಣಿ ಪಡೆದು ಬಿಡುಗಡೆಯಾದ ಸಿಪಾಯಿಯ ಕಾಗದ ಲಂಡನ್ನಿನ ಕ್ಯೂ ದಾಖಲಾಗಾರದ ಡಬ್ಲ್ಯುಓ 97 ಸರಣಿಯಲ್ಲಿ ಉಳಿದಿದ್ದರೆ, ಹುಟ್ಟಿದ ಧರ್ಮಕೇಂದ್ರ, ಹತ್ತಿರದ ಪೇಟೆ ಎರಡೂ ಸಾಮಾನ್ಯವಾಗಿ ಅದರ ಮೊದಲ ಸಾಲುಗಳಲ್ಲೇ ಇರುತ್ತವೆ.